ಗಣಕಯಂತ್ರದಲ್ಲಿ ಗುಟ್ಟನ್ನು ಕಾಯುವ ಬಗೆ

ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಅಂಚೆಗೆ ಹಾಕುವ ಪದ್ಧತಿಯು ನಮಗೆಲ್ಲರಿಗೂ ತಿಳಿದದ್ದೇ. ಲಕೋಟೆಯು ಒಳಗಿನ ಮಾತನ್ನು ಮರೆಮಾಡುವುದು. ಕೆಳಗಿನ ರುಜುವು ಬರೆದವರು ಯಾರೆಂಬುದನ್ನು ತಿಳಿಸುವುದು. ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗದಲ್ಲಿರುವರು. ಅವರ ಬರಹಕ್ಕೆ ಲಕೋಟೆ ಯಾವುದು? ರುಜು ಯಾವುದು? ಇವೆರಡನ್ನೂ ಒದಗಿಸುವ ‘ಗ್ನೂ ಪ್ರೈವೆಸಿ ಗಾರ್ಡ್’ ಎಂಬ ಸಾಧನವನ್ನು ಇಲ್ಲಿ ವಿವರಿಸುವೆನು.

1991ರಲ್ಲಿ ಅಮೆರಿಕದ ಫಿಲಿಪ್ ಜಿಮ್ಮರ್‌ಮನ್ ಎಂಬವರು ‘ಪಿ.ಜಿ.ಪಿ.’ ಎಂಬ ಗುಪ್ತಲಿಪಿಯ ಪ್ರೋಗ್ರಾಮನ್ನು ಜನರಿಗೆ ಹಂಚಿದರು. ಆಗ ಇಂಥ ಲಿಪಿಯನ್ನು ಯುದ್ಧಸಾಮಗ್ರಿಯಂತೆ ಎಣಿಸುತ್ತಿದ್ದುದರಿಂದ ಸರಕಾರವು ಅವರ ಮೇಲೆ ವಿಚಾರಣೆ ನಡಿಸಿ, 1996ರಲ್ಲಿ ಅದನ್ನು ಕೈಬಿಟ್ಟಿತು. ಅದೇ ಮಾರ್ಗವನ್ನು ಹಿಡಿದು ಜರ್ಮನಿಯ ವೆರ್ನರ್ ಕೋಖ್ ಎಂಬವರು 1999ರಲ್ಲಿ ಗ್ನೂ ಪ್ರೈವೆಸಿ ಗಾರ್ಡಿನ ಮೊದಲನೆಯ ಪೂರ್ಣ ಆವೃತ್ತಿಯನ್ನು ಹೊರಡಿಸಿದರು. ಇದಕ್ಕೆ ಬೆಲೆಯಿಲ್ಲ, ಇದರ ಮೂಲಬರಹವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು.

ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿಕೈಗಳುಂಟು. ಒಂದು ಬಹಿರಂಗವಾದದ್ದು, ಅದನ್ನು ಲೋಕಕ್ಕೆಲ್ಲ ಹಂಚಬಹುದು. ಇನ್ನೊಂದು ರಹಸ್ಯವಾದದ್ದು, ಅದನ್ನು ಆಪ್ತಳಾದ ಗೆಳತಿಗೂ ಕೊಡತಕ್ಕದ್ದಲ್ಲ. ಬಹಿರಂಗದ ಕೀಲಿಕೈಯಿಂದ ಮುಚ್ಚಿದ ಕಾಗದವು ರಹಸ್ಯದ ಕೀಲಿಕೈಯಿಂದ ಮಾತ್ರ ತೆರೆಯುವುದು. ರಹಸ್ಯದ ಕೀಲಿಕೈಯಿಂದ ಹಾಕಿದ ರುಜುವನ್ನು ಬಹಿರಂಗದ ಕೀಲಿಕೈಯಿಂದ ಯಾರಾದರೂ ಪರೀಕ್ಷಿಸಬಹುದು. ಪ್ರೋಗ್ರಾಮಿನಲ್ಲಿ ಒಂದಕ್ಷರವು ಬದಲಾಗಿದ್ದರೂ ರುಜುವು ತಾಳೆಯಾಗದು.

ಇನ್ನು ಅಣಿಮಾಡುವ ಕ್ರಮ. ಮೊದಲನೆಯದಾಗಿ, ಸಾಧನವನ್ನು ನಂಬತಕ್ಕ ಸ್ಥಳದಿಂದಲೇ ತರಬೇಕು. ಲಿನಕ್ಸ್ ಯಂತ್ರಗಳಲ್ಲಿ ಅನೇಕವೇಳೆ ಅದು ಮೊದಲೇ ಇರುವುದು. ಎರಡನೆಯದಾಗಿ, ಹೆಸರನ್ನೂ ಇ-ಮೇಲ್ ವಿಳಾಸವನ್ನೂ ಕೊಟ್ಟು ಕೀಲಿಕೈಗಳ ಜೋಡಿಯನ್ನು ಹುಟ್ಟಿಸಿ, ಒಂದೆರಡು ವರುಷಗಳ ಅವಧಿಯನ್ನು ಗೊತ್ತುಮಾಡಬೇಕು. ಅವಧಿಯನ್ನು ಬಳಿಕ ಮುಂದಕ್ಕೆ ಹಾಕಲು ಅಡ್ಡಿಯಿಲ್ಲ. ರಹಸ್ಯದ ಕೀಲಿಕೈಗೆ ಉದ್ದವಾದ ಗುಪ್ತವಾಕ್ಯವೊಂದನ್ನು ಕಾವಲಿಡಬೇಕು. ಮೂರನೆಯದಾಗಿ, ಜೊತೆಯಲ್ಲಿಯೇ ಹುಟ್ಟುವ ರದ್ದುಪತ್ರವನ್ನು ಅಚ್ಚುಮಾಡಿ ಮನೆಪತ್ರಗಳೊಂದಿಗೆ ಪೆಟ್ಟಿಗೆಯಲ್ಲಿಡಬೇಕು. ನಾಲ್ಕನೆಯದಾಗಿ, ಕೀಲಿಕೈಯ ‘ಬೆರಳಚ್ಚು’ ಎನ್ನಿಸುವ 40 ಅಕ್ಷರಾಂಕಗಳನ್ನು ಗೆಳತಿಗೆ ಬಾಯಿಮಾತಿನಲ್ಲಿ ಓದಿಹೇಳಿ ತಾಳೆನೋಡಬೇಕು. ಏಕೆಂದರೆ ಅನ್ಯರು ನಿಮ್ಮ ಹೆಸರಿನಲ್ಲಿ ಸುಳ್ಳು ಕೀಲಿಕೈಯನ್ನು ಹರಡಬಲ್ಲರು. ಕಡೆಯದಾಗಿ, ಪ್ರೋಗ್ರಾಮಿನ ತಿದ್ದುಪಡಿಗಳನ್ನು ದಾಖಲಿಸುವ ‘ಗಿಟ್’ ಎಂಬ ಸಾಧನವು ನಿಮ್ಮ ಕೀಲಿಕೈಯಿಂದಲೇ ರುಜು ಹಾಕುವಂತೆ ಏರ್ಪಡಿಸಬೇಕು.

ಮೂರನೆಯ ಕೆಲಸವನ್ನು ಅಲಕ್ಷ್ಯಮಾಡಿ ನಾನು ಪಟ್ಟ ಪಾಡನ್ನು ಹೇಳಿಬಿಡುವೆನು. ನನ್ನ ಯಂತ್ರವು ಕೆಟ್ಟು ರಹಸ್ಯದ ಕೀಲಿಕೈಯು ಅಳಿಯಿತು. ನಕಲು ಇರಲಿಲ್ಲ, ರದ್ದುಪತ್ರವೂ ಇರಲಿಲ್ಲ, ಅವಧಿಯನ್ನೂ ಇಟ್ಟಿರಲಿಲ್ಲ. ಬಹಿರಂಗದ ಕೀಲಿಕೈಯಾದರೋ ಲೋಕದಲ್ಲಿ ಉಳಿಯಿತು. ಅದರಿಂದ ಮುಚ್ಚಿದ ಕಾಗದಗಳು ಬಹುಕಾಲ ಬರುತ್ತಲೇ ಇದ್ದವು. ಅವುಗಳಲ್ಲಿ ಒಂದನ್ನೂ ನಾನು ಓದಲಾರದೆ ಹೋದೆನು.

ಯಾರು ಯಾರಿಗೆ ಬರೆದರೆಂಬುದನ್ನು ಈ ಸಾಧನವು ಮರೆಮಾಡದೆಂಬುದೂ ನೆನಪಿರಲಿ. ಆದಕಾರಣ ಪ್ರಿಯ ಸೋದರಿಯರೇ, ಬೀಗವನ್ನು ತರುವುದು ಅರೆಗಳಿಗೆಯ ಕೆಲಸ; ಕೀಲಿಕೈಯನ್ನು ಜೋಪಾನಮಾಡುವುದು ದಿನದಿನದ ಕೆಲಸ. ತಾಯಿತಂದೆಗಳೂ ಮಕ್ಕಳಿಗೆ ಮೊದಲು ಕಲಿಸತಕ್ಕದ್ದು ಈ ಎರಡನೆಯದನ್ನೇ.