ಟ್ಯೂಬಿನ ಮೇಲೆ ಹೆಸರು ಬರೆಯುವ ಮುನ್ನ

ನೋಡಮ್ಮ, ನಮ್ಮ ಹಾಗಲವಾಡಿ ಕಡೆ ರಾಗಿ ಹೊಲದ ಅಕ್ಕಡಿ ಸಾಲಿಗೆ ಹರಳು ಹಾಕುತ್ತಾರಲ್ಲ, ಆ ಬೀಜದ ತಿರುಳಿನಲ್ಲೇ ಕೋಶದ ಒಂದು ಹೊಸ ಕಣದಂಗ ಸಿಕ್ಕಿದ್ದು. ನೀನು ಜೀವರಸಾಯನ ಓದಲು ತುಮಕೂರಿಗೆ ಹೊರಟಿದ್ದೀಯ. ಕೋಶ ಒಡೆದು ಒಳಗಿನದನ್ನು ಬೇರ್ಪಡಿಸುವ ಪ್ರಯೋಗ ಬಂದೇ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಹರಳು ಮೊಳೆಯುವಾಗ ತನ್ನ ಎಣ್ಣೆಯನ್ನೇ ಸಕ್ಕರೆ ಮಾಡಿ ಮೊಳಕೆಗೆ ಉಣಿಸುತ್ತದೆ. ಆ ಕೆಲಸದ ಕಿಣ್ವಗಳು ಸೆಂಟ್ರಿಫ್ಯೂಜಿನಲ್ಲಿ ಸುಮಾರು 10,000 ಜಿ ಬಲಕ್ಕೆ ತಳ ಸೇರುವ ಗಸಿಯಲ್ಲಿ ಸಿಗುತ್ತಿದ್ದವು. ಆ ಗಸಿಗೆ ಎಲ್ಲರೂ ಮೈಟೊಕಾಂಡ್ರಿಯ ಎನ್ನುತ್ತಿದ್ದರು, ಹಾಗಾಗಿ ಕಿಣ್ವಗಳೂ ಮೈಟೊಕಾಂಡ್ರಿಯದ ಲೆಕ್ಕಕ್ಕೇ ಹೋದವು. 1967ರಲ್ಲಿ ಅಮೆರಿಕದಲ್ಲಿ ಬ್ರೈಡನ್‌ಬ್ಯಾಕ್ ಮತ್ತು ಹ್ಯಾರಿ ಬೀವರ್ಸ್ ಅದೇ ಗಸಿಯನ್ನು ಮೇಲೆ ತೆಳು, ಕೆಳಗೆ ಗಟ್ಟಿಯಾಗುತ್ತ ಹೋಗುವ ಸಕ್ಕರೆ ದ್ರಾವಣದ ಮೇಲಿಟ್ಟು ಮತ್ತೆ ತಿರುಗಿಸಿದರು. ಮೈಟೊಕಾಂಡ್ರಿಯ ಘನ ಸೆಂಟಿಮೀಟರಿಗೆ 1.19 ಗ್ರಾಂ ಸಾಂದ್ರತೆಯ ಹತ್ತಿರ ನಿಂತಿತು. ಎಣ್ಣೆಯನ್ನು ಸಕ್ಕರೆ ಮಾಡುವ ಕಿಣ್ವಗಳು ಇನ್ನೂ ಕೆಳಗಿಳಿದು, 1.25ರ ಹತ್ತಿರ ಬೇರೆಯೇ ಪಟ್ಟಿಯಾದವು. ಆ ಕಣಕ್ಕೆ ಗ್ಲೈಆಕ್ಸಿಸೋಮ್ ಎಂದು ಹೆಸರಿಟ್ಟರು.

ಎಷ್ಟು ವೇಗಕ್ಕೆ ತಳ ಸೇರಿತು ಎಂಬುದನ್ನೇ ನಂಬಿ ಟ್ಯೂಬಿನ ಮೇಲೆ ಹೆಸರು ಬರೆಯಬೇಡ. ಕಿಣ್ವ ಹೇಳಲಿ. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಇದ್ದಲ್ಲಿ ಮೈಟೊಕಾಂಡ್ರಿಯ, ಐಸೊಸಿಟ್ರೇಟ್ ಲಯೇಸ್ ಇದ್ದಲ್ಲಿ ಗ್ಲೈಆಕ್ಸಿಸೋಮ್. ಎರಡನ್ನೂ ಎಲ್ಲ ಟ್ಯೂಬಿನಲ್ಲೂ ನೋಡು, ಸಿಗಲಾರದು ಅನ್ನಿಸಿದ ಟ್ಯೂಬಿನಲ್ಲೂ.

ಕೈಕೆಲಸಕ್ಕೆ ಅವಸರ ಬೇಡ. ಮೊಳಕೆ ಬಂದ ಬೀಜದ ತಿರುಳನ್ನು ಮಂಜುಗಡ್ಡೆಯ ಮೇಲೆ, ಬ್ಲೇಡಿನಿಂದ ಸಣ್ಣಗೆ ಕೊಚ್ಚು. ಮಿಕ್ಸಿಗೆ ಹಾಕಿದರೆ ಕಣಗಳ ಪೊರೆ ಹರಿದು ಕಿಣ್ವವೆಲ್ಲ ಗಸಿಯ ಮೇಲಿನ ತಿಳಿಗೆ ಸೇರಿಬಿಡುತ್ತದೆ. ಬರೀ ನೀರಿನಲ್ಲಿ ಅವು ಉಬ್ಬಿ ಒಡೆಯುತ್ತವೆ, ಅದಕ್ಕೇ ಸಕ್ಕರೆ ಬೆರೆತ ಬಫರ್. ರೋಟರನ್ನೂ ಮೊದಲೇ 4 ಡಿಗ್ರಿಗೆ ತಣಿಸಿಡು. ಪುಸ್ತಕದಲ್ಲಿ ಆರ್‌ಪಿಎಂ ಮಾತ್ರ ಬರೆದು ಬಿಡಬೇಡ. ನಿಮಿಷಕ್ಕೆ 10,000 ಸುತ್ತು ಎಂದರೆ 8 ಸೆಂಟಿಮೀಟರ್ ತ್ರಿಜ್ಯದ ರೋಟರಿನಲ್ಲಿ ಸುಮಾರು 8,900 ಜಿ, 10 ಸೆಂಟಿಮೀಟರಿನದರಲ್ಲಿ ಸುಮಾರು 11,200. ಬೇರೆ ಯಂತ್ರದಲ್ಲಿ ಮಾಡುವವರಿಗೆ ಬೇಕಾದದ್ದು ಜಿ.

ಹರಳಿನಲ್ಲಿ ರೈಸಿನ್ ಎಂಬ ಘೋರ ವಿಷವಿದೆ, ಗೊತ್ತಲ್ಲ. ಅದರ ಹಿಂಡಿಯನ್ನು ಹೊಲಕ್ಕೆ ಹಾಕುತ್ತಾರೆಯೇ ಹೊರತು ದನಕ್ಕೆ ಇಡುವುದಿಲ್ಲ. ಕೈಗವಸು ಇಲ್ಲದೆ ತಿರುಳು ಮುಟ್ಟಬೇಡ. ನಿಮ್ಮ ಮೇಡಂ ಪಾಲಕ್ ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ತೆಗೆಯಲು ಹೇಳಿದರೆ ಸಂತೋಷವಾಗಿ ಅದನ್ನೇ ಮಾಡು, ನಿಯಮ ಒಂದೇ.

ಇನ್ನೊಂದು. ಕೊಚ್ಚಿ ಸೋಸಿದ ರಸದಲ್ಲಿ ಸ್ವಲ್ಪವನ್ನು ತಿರುಗಿಸುವ ಮೊದಲೇ ಎತ್ತಿಡು, ತಿಳಿಯನ್ನು ಸಿಂಕಿಗೆ ಸುರಿಯಬೇಡ. ರಸದಲ್ಲಿದ್ದ ಕಿಣ್ವವನ್ನು 100 ಎಂದಿಟ್ಟುಕೊಂಡರೆ ಎಲ್ಲ ಭಾಗಗಳ ಮೊತ್ತ ಅದಕ್ಕೆ ಹತ್ತಿರ ಬರಬೇಕು. 60 ಬಂದರೂ 140 ಬಂದರೂ ಬಂದದ್ದನ್ನೇ ಬರೆ, ಆಮೇಲೆ ಯಾಕೆಂದು ಹುಡುಕು. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡುವ್ ಇಲಿಯ ಯಕೃತ್ತಿನಲ್ಲಿ ಆಸಿಡ್ ಫಾಸ್ಫಟೇಸ್ ಅಳೆದಾಗ ಇರಬೇಕಾದದ್ದರ ಹತ್ತನೇ ಒಂದು ಭಾಗವಷ್ಟೇ ಸಿಕ್ಕಿತು. ಅದೇ ಮಾದರಿಯನ್ನು ಐದು ದಿನ ಫ್ರಿಜ್‌ನಲ್ಲಿಟ್ಟು ಅಳೆದರೆ ಕಿಣ್ವ ಪೂರ್ತಿ ಕಾಣಿಸಿಕೊಂಡಿತು. ಮೊದಲ ಸಲ ಅಳೆದಾಗ ಅದು ಒಂದು ಪೊರೆಯೊಳಗೆ ಮುಚ್ಚಿಕೊಂಡಿತ್ತು. ಆ ಪೊರೆಯ ಚೀಲಕ್ಕೇ 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟದ್ದು.