ರೇಡಿಯೊ ಅಲೆಗಳೂ ಶ್ರವಣ ಸಾಧನವೂ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ, ಕೇರಳದ ಗಡಿಗೆ ಹತ್ತಿರದಲ್ಲಿ, ಕನ್ಯಾನವೆಂಬ ಗ್ರಾಮವಿದೆ. ಆ ಸೀಮೆಯ ನೆಲ ಏರಿಳಿತದ್ದು. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಅಡಕೆಯ ತೋಟ, ತೋಟದ ಅಂಚಿನಲ್ಲಿ ಹಂಚಿನ ಮನೆ, ಇದು ಅಲ್ಲಿ ಸಾಮಾನ್ಯವಾಗಿ ಕಾಣುವ ನೋಟ. ಗುಡ್ಡದ ನೆತ್ತಿಯಲ್ಲಿ ಸ್ಪಷ್ಟವಾಗಿ ಮಾತು ಕೇಳಿಸುವ ಮೊಬೈಲು ಇಂಥ ತಗ್ಗಿನ ಮನೆಯ ಒಳಕೋಣೆಗೆ ಬಂದೊಡನೆ ತೊದಲತೊಡಗುವುದುಂಟು. 'ಇಲ್ಲಿ ರೇಂಜ್ ಸಾಲದು' ಎಂದು ಜನರು ಜಗಲಿಗೋ ಅಂಗಳಕ್ಕೋ ಬಂದು ಮಾತನಾಡುತ್ತಾರೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸಾದಂತೆ ಕಿವಿ ಮಂದವಾಗಿ, ಈಗ ಅವರು ಕಿವಿಯ ಹಿಂದೆ ಒಂದು ಶ್ರವಣ ಸಾಧನವನ್ನು ಧರಿಸುತ್ತಾರೆ. ಮನೆಯವರು ಅದನ್ನು 'ಕಿವಿಯ ಮೆಷಿನ್' ಎನ್ನುತ್ತಾರೆ. ಎದುರು ಕುಳಿತವರ ಮಾತು ಅದರಿಂದ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಬೆಂಗಳೂರಿನಲ್ಲಿರುವ ಮೊಮ್ಮಗ ಸಂಜೆ ಕರೆ ಮಾಡಿದಾಗ ಮಾತ್ರ ಅಜ್ಜಿಯ ಮುಖ ಬಾಡುತ್ತದೆ. "ಮಗಾ, ನಿನ್ನ ಮಾತು ತಿಳಿಯುವುದಿಲ್ಲ. ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ. ಅಮ್ಮನ ಹತ್ತಿರವೇ ಮಾತನಾಡು" ಎಂದು ಮೊಬೈಲನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. 'ಅಜ್ಜಿಯ ಕಿವಿ ಪೂರ್ತಿ ಹೋಯಿತು' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಜ್ಜಿಯೂ ಹಾಗೆಯೇ ನಂಬುತ್ತಾರೆ. ಕೆಲವು ತಿಂಗಳು ಕಳೆಯುವುದರೊಳಗೆ ಅವರು ಮೊಬೈಲನ್ನು ಕೈಯಿಂದ ಮುಟ್ಟುವುದನ್ನೇ ಬಿಡುತ್ತಾರೆ.

ನಿಜವಾಗಿ ನೋಡಿದರೆ ಅಜ್ಜಿಯ ಕಿವಿ ಮೊದಲಿಗಿಂತ ಕೆಟ್ಟಿಲ್ಲ, ಶ್ರವಣ ಸಾಧನ ಕೆಟ್ಟಿಲ್ಲ, ಮೊಬೈಲೂ ಕೆಟ್ಟಿಲ್ಲ. ಎಲ್ಲವೂ ಸರಿಯಾಗಿದ್ದು ಮಾತು ಮಾತ್ರ ಕೇಳಿಸದೆ ಹೋಗುವುದೇಕೆ? ಇದನ್ನು ತಿಳಿಯಬೇಕಾದರೆ ಈ ಎರಡು ಯಂತ್ರಗಳು ಕೆಲಸ ಮಾಡುವ ರೀತಿಯನ್ನು ಮೊದಲು ಅರಿಯಬೇಕು.

ಶ್ರವಣ ಸಾಧನದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಹೊರಗಿನ ಶಬ್ದವನ್ನು ವಿದ್ಯುತ್ತಿನ ರೂಪಕ್ಕೆ ತಿರುಗಿಸುವ ಮೈಕ್ರೊಫೋನು ಮೊದಲನೆಯದು. ಆ ಕ್ಷೀಣ ವಿದ್ಯುತ್ತನ್ನು ಬಲಪಡಿಸುವ ವರ್ಧಕ ಎರಡನೆಯದು. ಹಾಗೆ ಬಲಗೊಂಡ ವಿದ್ಯುತ್ತನ್ನು ಮತ್ತೆ ಶಬ್ದವಾಗಿಸಿ ಕಿವಿಯೊಳಕ್ಕೆ ಕಳುಹಿಸುವ ಪುಟ್ಟ ಧ್ವನಿಯಂತ್ರ ಮೂರನೆಯದು.

ಮೊಬೈಲಾದರೋ ಕೇವಲ ಕೇಳುವ ಯಂತ್ರವಲ್ಲ. ಅದೊಂದು ಪುಟ್ಟ ಪ್ರಸಾರ ಕೇಂದ್ರ. ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1888ರ ವೇಳೆಗೆ ಪ್ರಯೋಗದಿಂದ ತೋರಿಸಿಕೊಟ್ಟ, ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಪ್ರದರ್ಶಿಸಿದ ವಿದ್ಯುತ್ಕಾಂತ ಅಲೆಗಳನ್ನೇ ಅದು ಬಳಸುತ್ತದೆ. ಈ ಅಲೆಗಳು ಒಂದು ಸೆಕೆಂಡಿಗೆ 90 ಕೋಟಿ ಸಲ, ಕೆಲವೊಮ್ಮೆ ಅದರ ಇಮ್ಮಡಿಗೂ ಹೆಚ್ಚು ಸಲ ಕಂಪಿಸುತ್ತವೆ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದ ಮಾತ್ರ. ಆದುದರಿಂದ ರೇಡಿಯೊ ಅಲೆ ನಮಗೆ ನೇರವಾಗಿ ಕೇಳಿಸುವಂತಿಲ್ಲ.

ಹಾಗಿದ್ದರೆ ಅಜ್ಜಿಗೆ ಕೇಳಿಸುವ ಗುಂಯ್ಗುಟ್ಟುವಿಕೆ ಎಲ್ಲಿಯದು? ಇದಕ್ಕೆ ಉತ್ತರ ಎರಡನೆಯ ತಲೆಮಾರಿನ, ಎಂದರೆ 2ಜಿ, ಮೊಬೈಲುಗಳ ಪದ್ಧತಿಯಲ್ಲಿದೆ. ಆ ಪದ್ಧತಿಯಲ್ಲಿ ಒಂದೇ ಹಾದಿಯನ್ನು ಎಂಟು ಮಂದಿ ಸರದಿಯಂತೆ ಹಂಚಿಕೊಳ್ಳುತ್ತಾರೆ. ತನ್ನ ಸರದಿ ಬಂದಾಗ ಮಾತ್ರ ಮೊಬೈಲು ಅಲೆಯನ್ನು ಹೊರಸೂಸಿ, ಮರುಕ್ಷಣ ಸುಮ್ಮನಾಗುತ್ತದೆ. ಹೀಗೆ ಒಂದು ಸೆಕೆಂಡಿನಲ್ಲಿ ಸುಮಾರು 217 ಸಲ ಅಲೆ ಹೊರಟು ನಿಲ್ಲುತ್ತದೆ. ಶ್ರವಣ ಸಾಧನದ ಒಳಗಿನ ಸಣ್ಣ ತಂತಿಗಳು ಆಂಟೆನಾದಂತೆ ವರ್ತಿಸಿ ಈ ಅಲೆಯನ್ನು ಹಿಡಿಯುತ್ತವೆ. ಅದರ ವಿದ್ಯುನ್ಮಂಡಲವು ಅಲೆಯ ಕಂಪನವನ್ನು ಬಿಟ್ಟು ಆ ಹೊರಟು ನಿಲ್ಲುವ ಬಡಿತವನ್ನಷ್ಟೇ ಉಳಿಸಿಕೊಳ್ಳುತ್ತದೆ. ವರ್ಧಕವು ಅದನ್ನೂ ಮಾತೆಂದು ಭಾವಿಸಿ ಬಲಪಡಿಸುತ್ತದೆ. ಸೆಕೆಂಡಿಗೆ 217 ಬಡಿತಗಳೆಂದರೆ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸುವ ಶಬ್ದ. ಅದೇ ಅಜ್ಜಿಯ ಕಿವಿಯ ದುಂಬಿ!

ಇದೇ ಶಬ್ದವನ್ನು ನೀವೂ ಕೇಳಿರಬಹುದು. ಯಕ್ಷಗಾನ ಬಯಲಾಟದಲ್ಲಿಯೋ ಶಾಲೆಯ ಸಭೆಯಲ್ಲಿಯೋ ಧ್ವನಿವರ್ಧಕದ ಬಳಿ ಯಾರದೋ ಜೇಬಿನಲ್ಲಿರುವ ಮೊಬೈಲಿಗೆ ಕರೆ ಬರುವ ಮೊದಲು 'ಟಿಕಿಟಿಕಿ ಟಿಕಿಟಿಕಿ' ಎಂಬ ಸದ್ದು ಸಭೆಗೆಲ್ಲ ಕೇಳಿಸುವುದುಂಟು. ಧ್ವನಿವರ್ಧಕದಲ್ಲಿ ಕ್ಷಣಕಾಲ ನಡೆಯುವುದು ಅಜ್ಜಿಯ ಕಿವಿಯಲ್ಲಿ ಕರೆ ಮುಗಿಯುವವರೆಗೂ ನಡೆಯುತ್ತದೆ.

ಕನ್ಯಾನದಂಥ ಗುಡ್ಡಗಾಡಿನ ಊರುಗಳಲ್ಲಿ ಈ ತೊಂದರೆ ಇನ್ನಷ್ಟು ಹೆಚ್ಚಲು ಕಾರಣವಿದೆ. ಮೊಬೈಲು ಎಲ್ಲ ಕಾಲದಲ್ಲಿಯೂ ಒಂದೇ ಬಲದಿಂದ ಪ್ರಸಾರ ಮಾಡುವುದಿಲ್ಲ. ಗೋಪುರ ಹತ್ತಿರವಿದ್ದು ಸಂಕೇತ ಪ್ರಬಲವಾಗಿದ್ದರೆ ಅದಕ್ಕೆ ಒಂದು ವಾಟಿನ ಕೆಲವೇ ಸಹಸ್ರಾಂಶಗಳಷ್ಟು ಶಕ್ತಿ ಸಾಕು. ಸಂಕೇತ ದುರ್ಬಲವಾದಂತೆ ಅದು ತನ್ನ ಬಲವನ್ನು ಹೆಚ್ಚಿಸುತ್ತ ಹೋಗುತ್ತದೆ. 2ಜಿ ಪದ್ಧತಿಯ ಮೊಬೈಲು ಪ್ರತಿಯೊಂದು ಬಡಿತದಲ್ಲಿ ಪರಮಾವಧಿ 2 ವಾಟುಗಳವರೆಗೂ ಏರಬಹುದು. ದೂರದಲ್ಲಿರುವವನನ್ನು ಕರೆಯುವವನು ಗಂಟಲೆತ್ತಿ ಕೂಗುವಂತೆ, ತಗ್ಗಿನ ಮನೆಯ ಮೊಬೈಲೂ ಗುಡ್ಡದಾಚೆಯ ಗೋಪುರವನ್ನು ಕೂಗಿ ಕರೆಯುತ್ತದೆ. ಆ ಕೂಗು ಅಜ್ಜಿಯ ಕಿವಿಯ ಪಕ್ಕದಲ್ಲಿಯೇ ನಡೆಯುತ್ತದೆ.

ಇಷ್ಟು ಬಲವಾದ ಅಲೆ ತಲೆಯ ಪಕ್ಕದಲ್ಲಿದ್ದರೆ ದೇಹಕ್ಕೆ ಹಾನಿಯಿಲ್ಲವೇ ಎಂಬ ಪ್ರಶ್ನೆ ಸಹಜ. ಕ್ಷಕಿರಣಗಳಂತೆ ದೇಹದ ಅಣುಗಳನ್ನು ಒಡೆಯುವ ಶಕ್ತಿ ಈ ಅಲೆಗಳಿಗಿಲ್ಲ. ಖಚಿತವಾಗಿ ತಿಳಿದಿರುವ ಪರಿಣಾಮವೆಂದರೆ ಶರೀರದ ಅಂಗಾಂಶವು ಅವುಗಳನ್ನು ಹೀರಿಕೊಂಡು ಸ್ವಲ್ಪ ಬಿಸಿಯೇರುವುದು. ಆದುದರಿಂದ ಸುರಕ್ಷತೆಯ ನಿಯಮಗಳು ಈ ಹೀರಿಕೆಯನ್ನೇ ಅಳೆಯುತ್ತವೆ. ಒಂದು ಕಿಲೋಗ್ರಾಂ ಅಂಗಾಂಶ ಎಷ್ಟು ವಾಟ್ ಶಕ್ತಿಯನ್ನು ಹೀರಿಕೊಳ್ಳುತ್ತದೆಂಬ ಲೆಕ್ಕಕ್ಕೆ 'ನಿರ್ದಿಷ್ಟ ಹೀರಿಕೆಯ ದರ' ಎಂದು ಹೆಸರು. ಮೊಬೈಲಿನೊಡನೆ ಬರುವ ಪುಸ್ತಿಕೆಯಲ್ಲಿ ಇದನ್ನು 'ಎಸ್‌ಎಆರ್' ಎಂಬ ಮೂರಕ್ಷರಗಳಿಂದ ಸೂಚಿಸಿರುತ್ತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಯಾವುದೇ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಈ ದರ ಕಿಲೋಗ್ರಾಮಿಗೆ 1.6 ವಾಟ್ ಮೀರಕೂಡದು.

ಇದನ್ನು ಅಳೆಯುವ ಬಗೆ ಕುತೂಹಲಕರವಾದುದು. ಮನುಷ್ಯನ ತಲೆಯ ಆಕಾರದ ಒಂದು ಪ್ಲಾಸ್ಟಿಕ್ ಅಚ್ಚನ್ನು ಮಾಡಿ, ಅದರಲ್ಲಿ ವಿದ್ಯುದ್ಗುಣದಲ್ಲಿ ಅಂಗಾಂಶವನ್ನು ಹೋಲುವ ದ್ರವವನ್ನು ತುಂಬುತ್ತಾರೆ. ಅದರ ಕಿವಿಗೆ ಮೊಬೈಲನ್ನು ಒತ್ತಿ ಹಿಡಿದು, ಪರಮಾವಧಿ ಬಲದಿಂದ ಪ್ರಸಾರ ಮಾಡಿಸಿ, ಯಂತ್ರದ ತೋಳೊಂದು ದ್ರವದೊಳಗೆ ಅಳೆಯುವ ಕಡ್ಡಿಯನ್ನು ಆಡಿಸುತ್ತ ಅತಿ ಹೆಚ್ಚಿನ ಹೀರಿಕೆ ಎಲ್ಲಿದೆಯೆಂದು ಹುಡುಕುತ್ತದೆ. ಅನೇಕ ಮೊಬೈಲುಗಳಲ್ಲಿ *#07# ಎಂದು ಒತ್ತಿದರೆ ಆ ಮೊಬೈಲಿನ ದರ ತೆರೆಯ ಮೇಲೆ ಕಾಣಿಸುತ್ತದೆ.

ಮೊಬೈಲಿನಿಂದ ಅರ್ಬುದ ರೋಗ ಬರುತ್ತದೆಂಬ ಭಯವೂ ಜನರಲ್ಲಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಈ ಅಲೆಗಳನ್ನು 'ಅರ್ಬುದಕಾರಕವಾಗಿರುವ ಸಾಧ್ಯತೆಯುಳ್ಳವು' ಎಂಬ ವರ್ಗಕ್ಕೆ ಸೇರಿಸಿತು. ಸಾಧ್ಯತೆ ಬೇರೆ, ಸಿದ್ಧಪಟ್ಟ ಸಂಗತಿ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಅದೇ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯು ಮೊಬೈಲಿನ ಬಳಕೆಗೂ ಮೆದುಳಿನ ಅರ್ಬುದಕ್ಕೂ ಸಂಬಂಧ ಕಂಡುಬರಲಿಲ್ಲವೆಂದು ತಿಳಿಸಿತು. ಭಯವೂ ಬೇಡ, ಅಲಕ್ಷ್ಯವೂ ಬೇಡ; ಎಚ್ಚರಿಕೆ ಇರಲಿ. ಕರೆಗಳನ್ನು ಚುಟುಕಾಗಿ ಮುಗಿಸುವುದು, ತಂತಿಯ ಇಯರ್‌ಫೋನನ್ನೋ ಸ್ಪೀಕರನ್ನೋ ಬಳಸುವುದು, ಸಂಕೇತ ಪ್ರಬಲವಾಗಿರುವ ಕಡೆ ನಿಂತು ಮಾತನಾಡುವುದು, ಹೃದಯದ ಪೇಸ್‌ಮೇಕರ್‌ನಂಥ ಸಾಧನವುಳ್ಳವರು ಮೊಬೈಲನ್ನು ಅದರಿಂದ 15 ಸೆಂಟಿಮೀಟರಾದರೂ ದೂರವಿಡುವುದು, ಇವು ನಮ್ಮ ದೂರಸಂಪರ್ಕ ಇಲಾಖೆ ನೀಡಿರುವ ಸಲಹೆಗಳಲ್ಲಿ ಕೆಲವು.

ಈಗ ಅಜ್ಜಿಯ ಪ್ರಶ್ನೆಗೆ ಮರಳೋಣ. ಅವರ ಮನೆಯ ಮೊಬೈಲು 1.6ರ ಮಿತಿಯೊಳಗೇ ಇದೆ. ಪ್ಲಾಸ್ಟಿಕ್ ತಲೆಯ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿದೆ. ಆದರೆ ಆ ಪ್ಲಾಸ್ಟಿಕ್ ತಲೆಯ ಕಿವಿಯಲ್ಲಿ ಶ್ರವಣ ಸಾಧನವಿರಲಿಲ್ಲ! ದೇಹ ಎಷ್ಟು ಬಿಸಿಯಾಯಿತೆಂದು ಕೇಳುವ ಪರೀಕ್ಷೆ, ಮಾತು ಕೇಳಿಸಿತೇ ಎಂದು ಕೇಳುವುದಿಲ್ಲ. ಹೀರಿಕೆಯ ದರ ಕಡಿಮೆಯಾದ ಮಾತ್ರಕ್ಕೆ ಗುಂಯ್ಗುಟ್ಟುವಿಕೆ ಕಡಿಮೆಯಾಗುತ್ತದೆಂಬ ಭರವಸೆಯೂ ಇಲ್ಲ. ಎರಡನೆಯ ಪ್ರಶ್ನೆಗೆ ಎರಡನೆಯ ಅಳತೆಯೇ ಬೇಕು.

ದೂರವಾಣಿಯ ಇತಿಹಾಸವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. 1876ರಲ್ಲಿ ದೂರವಾಣಿಯ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಉಪಾಧ್ಯಾಯರಾಗಿದ್ದರು. ಅವರ ತಾಯಿಗೆ ಕಿವಿ ಮಂದ. ಮಡದಿ ಮೇಬಲ್ ಬಾಲ್ಯದಲ್ಲಿಯೇ ಶ್ರವಣಶಕ್ತಿ ಕಳೆದುಕೊಂಡವರು. ಅಂಥವರ ಕೈಯಲ್ಲಿ ಹುಟ್ಟಿದ ಯಂತ್ರ ಕಿವಿ ಕೇಳಿಸದವರಿಗೇ ಬಹುಕಾಲ ದೂರವಾಗಿ ಉಳಿಯಿತು.

ಹಳೆಯ ತಂತಿ ದೂರವಾಣಿಗಳಲ್ಲಿ ಒಂದು ಆಕಸ್ಮಿಕ ಅನುಕೂಲವಿತ್ತು. ಅವುಗಳ ಕಿವಿಯ ತುದಿಯಿಂದ ಶಬ್ದದೊಡನೆ ಸ್ವಲ್ಪ ಕಾಂತಕ್ಷೇತ್ರವೂ ಹೊರಗೆ ಸೋರುತ್ತಿತ್ತು. ಶ್ರವಣ ಸಾಧನದಲ್ಲಿ ಒಂದು ಪುಟ್ಟ ತಂತಿಸುರುಳಿಯನ್ನಿಟ್ಟರೆ ಅದು ಈ ಕಾಂತಕ್ಷೇತ್ರವನ್ನು ಹಿಡಿದು, ಸುತ್ತಲಿನ ಗದ್ದಲವನ್ನು ಬಿಟ್ಟು, ದೂರವಾಣಿಯ ಮಾತನ್ನಷ್ಟೇ ಕಿವಿಗೆ ಮುಟ್ಟಿಸುತ್ತಿತ್ತು. ಇದಕ್ಕೆ 'ಟೆಲಿಕಾಯಿಲ್' ಎಂದು ಹೆಸರು. ಮುಂದೆ ದೂರವಾಣಿ ಸುಧಾರಿಸಿತು, ಸೋರಿಕೆ ನಿಂತಿತು. ಎಲ್ಲರಿಗೂ ಸುಧಾರಣೆಯಾದದ್ದು ಶ್ರವಣ ಸಾಧನ ಧರಿಸಿದವರಿಗೆ ನಷ್ಟವಾಯಿತು. ಅವರು ದನಿಯೆತ್ತಿದ ಫಲವಾಗಿ ಅಮೆರಿಕದಲ್ಲಿ 1988ರಲ್ಲಿ ಒಂದು ಕಾನೂನು ಬಂದು, ದೂರವಾಣಿಗಳು ಶ್ರವಣ ಸಾಧನಕ್ಕೆ ಹೊಂದಿಕೆಯಾಗಲೇಬೇಕೆಂದು ವಿಧಿಸಿತು. ಮೊಬೈಲುಗಳಿಗೆ ಆಗ ವಿನಾಯಿತಿ ಇತ್ತು. 2003ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಆ ವಿನಾಯಿತಿಯನ್ನು ಮೊಟಕುಗೊಳಿಸಿತು. ಮೊಬೈಲುಗಳನ್ನು ಪರೀಕ್ಷಿಸಿ, ಮೈಕ್ರೊಫೋನಿನ ಮೂಲಕ ಕೇಳುವವರಿಗಾಗಿ ಎಂ1ರಿಂದ ಎಂ4ರವರೆಗೆ, ಟೆಲಿಕಾಯಿಲ್ ಮೂಲಕ ಕೇಳುವವರಿಗಾಗಿ ಟಿ1ರಿಂದ ಟಿ4ರವರೆಗೆ ದರ್ಜೆ ಕೊಡುವ ಕ್ರಮ ಬಳಕೆಗೆ ಬಂತು. ಶ್ರವಣ ಸಾಧನಕ್ಕೂ ಅಂಥದೇ ದರ್ಜೆಯುಂಟು. ಎರಡರ ಅಂಕಿಗಳನ್ನು ಕೂಡಿಸಿದಾಗ 4 ಬಂದರೆ ಹೇಗೋ ಬಳಸಬಹುದು, 5 ಬಂದರೆ ಸರಾಗವಾಗಿ ಬಳಸಬಹುದು, 6 ಬಂದರೆ ಅತ್ಯುತ್ತಮ ಎಂಬುದು ಆ ಕ್ರಮದ ಸರಳ ಲೆಕ್ಕ. 2024ರ ಅಕ್ಟೋಬರಿನಲ್ಲಿ ಅದೇ ಆಯೋಗವು, ಕಾಲಾವಕಾಶ ಕೊಟ್ಟು, ಎಲ್ಲ ಮಾದರಿಯ ಮೊಬೈಲುಗಳೂ ಹೊಂದಿಕೆಯುಳ್ಳವಾಗಿರಬೇಕೆಂಬ ನಿಯಮವನ್ನು ಅಂಗೀಕರಿಸಿತು.

ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಇದೇ ಉದ್ದೇಶದಿಂದ ಸರಕಾರಕ್ಕೆ ಶಿಫಾರಸುಗಳನ್ನು ಸಲ್ಲಿಸಿತು. ಕಿವಿಯ ಪರೀಕ್ಷೆಗೂ ಚಿಕಿತ್ಸೆಗೂ ನಮ್ಮ ರಾಜ್ಯದಲ್ಲಿ ಹಿರಿಯ ಸಂಸ್ಥೆಯೊಂದಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿ ಚಿಕಿತ್ಸೆ, ಬೋಧನೆ, ಸಂಶೋಧನೆಗಳನ್ನು ನಡೆಸುತ್ತಿದೆ.

ಕಾನೂನು ತನ್ನ ಕೆಲಸ ಮಾಡುವವರೆಗೆ ಮನೆಯವರು ಮಾಡಬಹುದಾದದ್ದೂ ಬಹಳವಿದೆ. ಕಿವಿಯ ಹಿಂದಿನ ಶ್ರವಣ ಸಾಧನದ ಮೈಕ್ರೊಫೋನು ಕಿವಿಯ ಮೇಲ್ಭಾಗದಲ್ಲಿರುತ್ತದೆ. ಆದುದರಿಂದ ಮೊಬೈಲನ್ನು ಕಿವಿಯ ರಂಧ್ರಕ್ಕೆ ಒತ್ತದೆ ಸ್ವಲ್ಪ ಮೇಲಕ್ಕೆ, ಸ್ವಲ್ಪ ದೂರಕ್ಕೆ ಹಿಡಿಯಬೇಕು. ಸ್ಪೀಕರಿನಲ್ಲಿ ಮಾತನಾಡಿದರೆ ಅಲೆಯ ಮೂಲ ದೂರವಾಗಿ ಗುಂಯ್ಗುಟ್ಟುವಿಕೆ ತಗ್ಗುತ್ತದೆ. ಒಳಕೋಣೆಯನ್ನು ಬಿಟ್ಟು ಸಂಕೇತ ಚೆನ್ನಾಗಿರುವ ಜಗಲಿಗೆ ಬಂದರೆ ಮೊಬೈಲು ಕೂಗುವುದನ್ನು ನಿಲ್ಲಿಸುತ್ತದೆ. 4ಜಿ ಪದ್ಧತಿಯ ಕರೆಗಳಲ್ಲಿ ಈ ಬಡಿತದ ತೊಂದರೆ ಬಹುಮಟ್ಟಿಗೆ ಕಡಿಮೆ. ಬ್ಲೂಟೂತ್ ಇರುವ ಶ್ರವಣ ಸಾಧನಗಳು ಮೊಬೈಲಿನ ಮಾತನ್ನು ನೇರವಾಗಿ ಪಡೆಯಬಲ್ಲವು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಮೊಬೈಲನ್ನು ಕೊಳ್ಳುವಾಗ ಅಜ್ಜಿಯನ್ನೂ ಅಂಗಡಿಗೆ ಕರೆದೊಯ್ದು, ಅವರ ಕಿವಿಯ ಸಾಧನದೊಡನೆಯೇ ಒಂದು ಕರೆ ಮಾಡಿ ನೋಡುವುದು ಒಳ್ಳೆಯದು.

ಒಂದು ಸಂಜೆ ಮನೆಯವರು ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಸ್ಪೀಕರ್ ಹಾಕಿ, ಮೊಬೈಲನ್ನು ಒಂದು ಮೊಳ ದೂರದಲ್ಲಿ ಮಣೆಯ ಮೇಲಿಟ್ಟರೆನ್ನೋಣ. "ಅಜ್ಜೀ, ಊಟ ಆಯಿತಾ?" ಎಂಬ ಮೊಮ್ಮಗನ ದನಿ ಕೇಳಿಸುತ್ತದೆ. ದುಂಬಿ ಇಲ್ಲ. "ಆಯಿತು ಮಗಾ, ನಿನ್ನದು?" ಎನ್ನುತ್ತಾರೆ ಅಜ್ಜಿ. ಆ ಎರಡು ಮಾತುಗಳಿಗಾಗಿಯೇ ಅಲ್ಲವೇ, ಗುಡ್ಡದ ಮೇಲೆ ಅಷ್ಟೆತ್ತರದ ಗೋಪುರ ನಿಂತಿರುವುದು?

ಶಬ್ದಾರ್ಥ

ಮುರಕಲ್ಲು – ಕರಾವಳಿಯ ಕೆಂಪು ಬಣ್ಣದ ಕಲ್ಲು
ಕ್ಷೀಣ – ಬಲಗುಂದಿದ
ವರ್ಧಕ – ಹೆಚ್ಚಿಸುವ ಸಾಧನ
ಅಂಗಾಂಶ – ಜೀವಕೋಶಗಳ ಸಮೂಹ
ಅರ್ಬುದ – ಕ್ಯಾನ್ಸರ್
ಪರಮಾವಧಿ – ಅತಿ ಹೆಚ್ಚಿನ ಮಿತಿ
ಮೊಳ – ಮೊಣಕೈಯಿಂದ ಬೆರಳತುದಿಯವರೆಗಿನ ಅಳತೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶ್ರವಣ ಸಾಧನದ ಮೂರು ಮುಖ್ಯ ಭಾಗಗಳು ಯಾವುವು?
2. ಭಾರತದಲ್ಲಿ ಮೊಬೈಲಿನ ನಿರ್ದಿಷ್ಟ ಹೀರಿಕೆಯ ದರದ ಮಿತಿ ಎಷ್ಟು?
3. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಲ್ಲಿದೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಿವಿಗೆ ಕೇಳಿಸದ ರೇಡಿಯೊ ಅಲೆಯಿಂದ ಶ್ರವಣ ಸಾಧನದಲ್ಲಿ ಶಬ್ದ ಹುಟ್ಟುವುದು ಹೇಗೆ?
2. ತಗ್ಗಿನ ಮನೆಗಳಲ್ಲಿ ಈ ತೊಂದರೆ ಹೆಚ್ಚಲು ಕಾರಣವೇನು?
3. ದೂರವಾಣಿಯ ಸುಧಾರಣೆ ಕೆಲವರಿಗೆ ನಷ್ಟವಾದುದು ಹೇಗೆ?

ಇ. ಸಂದರ್ಭ ತಿಳಿಸಿ, ಸ್ವಾರಸ್ಯವನ್ನು ವಿವರಿಸಿರಿ.
1. "ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ."
2. "ಆ ಪ್ಲಾಸ್ಟಿಕ್ ತಲೆಯ ಕಿವಿಯಲ್ಲಿ ಶ್ರವಣ ಸಾಧನವಿರಲಿಲ್ಲ!"

ಈ. ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ.
ಬಂದೊಡನೆ, ಪರಮಾವಧಿ, ಗಂಗೋತ್ರಿ

ಉ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಶ್ರವಣ ಸಾಧನ ಧರಿಸುವ ಹಿರಿಯರಿದ್ದರೆ, ಮೊಬೈಲಿನಲ್ಲಿ ಮಾತನಾಡುವಾಗ ಅವರಿಗಾಗುವ ಅನುಭವವನ್ನು ಕೇಳಿ ತಿಳಿದು, ಹತ್ತು ವಾಕ್ಯಗಳಲ್ಲಿ ಬರೆಯಿರಿ.