ಮನಸ್ಸಿನ ಕಾಯಿಲೆಗೆ ಮೊದಲ ತಿಂಗಳುಗಳೇ ಮುಖ್ಯ

ಕಾಲೇಜಿಗೆ ಹೋಗುತ್ತಿದ್ದ ಮಗ ಕೆಲವು ವಾರಗಳಿಂದ ಕೋಣೆ ಬಿಟ್ಟು ಹೊರಬರುತ್ತಿಲ್ಲ. ರಾತ್ರಿ ನಿದ್ದೆಯಿಲ್ಲ, ಸ್ನಾನ ಬೇಡ. ಒಬ್ಬನೇ ಮಾತಾಡುತ್ತಾನೆ, ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆ ಎನ್ನುತ್ತಾನೆ. ಮಿಶ್ರಿಕೋಟಿಯಂಥ ಊರಿನಲ್ಲಿ ಇಂಥದ್ದನ್ನು ಕಂಡರೆ ‘ಜಿನ್ ಹಿಡಿದಿದೆ’, ‘ಯಾರೋ ಮಾಟ ಮಾಡಿಸಿದ್ದಾರೆ’ ಎನ್ನುವವರೇ ಹೆಚ್ಚು. ತಾಯತ, ಮಂತ್ರಿಸಿದ ನೀರು ಎಂದು ಅಲೆಯುವುದರಲ್ಲೇ ವರ್ಷ ಕಳೆದುಹೋಗುತ್ತದೆ.

ಇವು ಸ್ಕಿಜೋಫ್ರೇನಿಯಾದ ಲಕ್ಷಣಗಳಿರಬಹುದು. ಇದು ಮೆದುಳಿಗೆ ಸಂಬಂಧಿಸಿದ ಕಾಯಿಲೆ. ಹೆಚ್ಚಾಗಿ 15ರಿಂದ 30ರ ವಯಸ್ಸಿನೊಳಗೆ ಆರಂಭವಾಗುತ್ತದೆ. ಹೆತ್ತವರ ತಪ್ಪಿನಿಂದಲೋ ಈಮಾನಿನ ಕೊರತೆಯಿಂದಲೋ ಬರುವುದಲ್ಲ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ದುಆ ಮಾಡಿರಿ, ಜೊತೆಗೆ ವೈದ್ಯರ ಬಳಿಗೂ ಹೋಗಿರಿ. ಕಾಯಿಲೆಗೆ ಔಷಧಿ ಹುಡುಕಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆಯೇ ಆಗಿದೆ.

ಮಾತ್ರೆಯೊಂದೇ ಸಾಲದು. ಸಮಗ್ರ ಚಿಕಿತ್ಸೆಯಲ್ಲಿ ಔಷಧಿ, ಆಪ್ತಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಓದು ಅಥವಾ ದುಡಿಮೆಗೆ ಮರಳಲು ನೆರವು ಎಲ್ಲವೂ ಸೇರಿವೆ. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ಹಳ್ಳಿಯ ರೋಗಿಗಳನ್ನು ಗುರುತಿಸಿ, ಊರಿನ ಸಮೀಪದಲ್ಲೇ ಔಷಧಿ ಕೊಟ್ಟು, ಕುಟುಂಬದವರಿಗೆ ತಿಳಿಹೇಳುತ್ತ ಬಂದರು. ಚಿಕಿತ್ಸೆ ಪಡೆದವರು ದಿನನಿತ್ಯದ ಕೆಲಸಗಳಲ್ಲಿ ಸುಧಾರಿಸಿದ್ದು ಕಂಡುಬಂತು. ಆದ್ದರಿಂದ ಈಗಾಗಲೇ ತಡವಾಗಿದ್ದರೂ ನಿರಾಶರಾಗಬೇಡಿ.

ಮನೆಯವರು ನೆನಪಿಡಬೇಕಾದದ್ದು:

* ಗುಣ ಕಂಡಿತೆಂದು ಮಾತ್ರೆ ನಿಲ್ಲಿಸಬೇಡಿ. ಮೊದಲ ಬಾರಿ ಬಂದ ಕಾಯಿಲೆಗೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಔಷಧಿ ಬೇಕು.
* ಕೆಲವು ಮಾತ್ರೆಗಳಿಂದ ತೂಕ, ಸಕ್ಕರೆ ಏರಬಹುದು. ಆಗಾಗ ತಪಾಸಣೆ ಮಾಡಿಸಿ.
* ರಮಝಾನಿಗೆ ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆಯ ವೇಳೆ ಗೊತ್ತುಮಾಡಿಕೊಳ್ಳಿ. ಉಪವಾಸ ಬೇಡವೆಂದರೆ ಒತ್ತಾಯಿಸಬೇಡಿ, ರೋಗಿಗೆ ವಿನಾಯಿತಿ ಇದೆ.
* ಬೈಯುವುದು, ಹೊಡೆಯುವುದು, ಕಟ್ಟಿಹಾಕುವುದು ಬೇಡ. ಸದಾ ಹೀಯಾಳಿಸುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ.
* ಗಾಂಜಾದಿಂದ ದೂರವಿಡಿ.
* ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಕಾಯಿಲೆ ಮುಚ್ಚಿಟ್ಟು ನಿಕಾಹ್ ಮಾಡಬೇಡಿ. ಅದು ಇನ್ನೊಬ್ಬರ ಮಗಳಿಗೆ ಮಾಡುವ ಅನ್ಯಾಯ.

ಮಿಶ್ರಿಕೋಟಿಯವರಿಗೆ ಧಾರವಾಡದ ಡಿಮ್ಹಾನ್ಸ್ ದೂರವಲ್ಲ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಸಾಯುವ ಮಾತಾಡಿದರೆ, ಊಟ ನೀರು ಬಿಟ್ಟರೆ ಅಥವಾ ಇತರರ ಮೇಲೆ ಕೈಮಾಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

‘ಜನ ಏನೆಂದಾರು’ ಎಂಬ ಅಂಜಿಕೆಯಲ್ಲಿ ಕಳೆಯುವ ದಿನಗಳು ನಿಮ್ಮ ಮಗುವಿನ ಬದುಕಿನ ದಿನಗಳು. ಅವನ್ನು ಉಳಿಸಿಕೊಳ್ಳಿರಿ.